ಪ್ರಾರ್ಥನೆಯಲ್ಲಿ ಮನಸ್ಸು ಒಣಗಿದ್ದರೆ ನಂಬಿಕೆಯೂ ಒಣಗಿತೆಂದೇ?

ಪ್ರಶ್ನೆ

ಕರ್ತನಲ್ಲಿ ಪ್ರಿಯರಾದ ಸಹೋದರ ಸಹೋದರಿಯರಿಗೆ ವಂದನೆಗಳು. ಬಹಳ ದಿನಗಳಿಂದ ಯಾರಲ್ಲಿಯೂ ಬಾಯಿಬಿಟ್ಟು ಕೇಳಲಾಗದೆ ಇದ್ದ ಪ್ರಶ್ನೆಯೊಂದನ್ನು ಇಲ್ಲಿ ಇಡುತ್ತಿದ್ದೇನೆ. ದೀಕ್ಷಾಸ್ನಾನ ಪಡೆದ ಹೊಸತರಲ್ಲಿ ಪ್ರಾರ್ಥನೆಗೆ ಮೊಣಕಾಲೂರಿದರೆ ಸಾಕು, ಕಣ್ಣು ತುಂಬಿ ಬರುತ್ತಿತ್ತು. ವಾಕ್ಯ ಓದುವಾಗ ಇದು ನನಗೆಂದೇ ಬರೆದದ್ದು ಎನ್ನಿಸುತ್ತಿತ್ತು. ಈಗ ಕೆಲವು ತಿಂಗಳುಗಳಿಂದ ಅದೇನೂ ಇಲ್ಲ. ಓದುತ್ತೇನೆ, ಪ್ರಾರ್ಥಿಸುತ್ತೇನೆ, ಆರಾಧನೆಯನ್ನು ತಪ್ಪಿಸುವುದಿಲ್ಲ, ಆದರೆ ಒಳಗೆ ಏನೂ ಮಿಡಿಯುವುದಿಲ್ಲ. ಸುತ್ತಲಿನವರು ಕೈಯೆತ್ತಿ ಹಾಡುತ್ತ ಕಣ್ಣೀರಿಡುವಾಗ ನಾನು ಹಾಡಿನ ಪುಸ್ತಕದ ಸಾಲುಗಳ ಮೇಲೆ ಬೆರಳಾಡಿಸುತ್ತ ನಿಂತಿರುತ್ತೇನೆ.

ಇದು ಶುರುವಾಗುವುದಕ್ಕೆ ಸ್ವಲ್ಪ ಮೊದಲು ಅಮ್ಮ ತೀರಿಕೊಂಡರು. ಅವರ ಸತ್ಯವೇದವನ್ನು ತೆರೆದಾಗ, ಕೊನೆಯದಾಗಿ ಓದಿದ್ದ ಪುಟದಲ್ಲಿ ಅವರ ಕನ್ನಡಕ ಮಡಿಚಿಟ್ಟಂತೆಯೇ ಇತ್ತು. ಅದನ್ನು ಕಂಡದ್ದೇ ತಡ, ಬಿಕ್ಕಿಬಿಕ್ಕಿ ಅತ್ತೆ. ಸಭೆಯ ಹಿರಿಯರೊಬ್ಬರು ಹತ್ತಿರ ಬಂದು, ‘ಅಮ್ಮ ಕರ್ತನ ಬಳಿಗೆ ಹೋಗಿದ್ದಾರಮ್ಮಾ, ಹೀಗೆ ಅಳುವುದು ಅವಿಶ್ವಾಸದ ಗುರುತು’ ಎಂದು ಮೆಲ್ಲಗೆ ಗದರಿಸಿದರು. ಕಣ್ಣೀರು ಬರಬೇಕಾದಲ್ಲಿ ಬರುವುದಿಲ್ಲ, ಬಂದಲ್ಲಿ ಅದು ತಪ್ಪೆನ್ನಿಸಿಕೊಳ್ಳುತ್ತದೆ. ಹಾಗಾದರೆ ಕ್ರೈಸ್ತ ಜೀವನದಲ್ಲಿ ಭಾವನೆಗಳಿಗೆ ಇರುವ ಸ್ಥಾನ ಯಾವುದು? ಏನೂ ಅನ್ನಿಸದೆ ಮಾಡುವ ನನ್ನ ಪ್ರಾರ್ಥನೆ ಕಪಟವೇ?

ಮೊದಲ ಉತ್ತರ

ಸಹೋದರಿ, ನಿಮ್ಮ ಅಳುವಿನ ವಿಷಯವನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ನಿಮಗೆ ಅನ್ಯಾಯವಾಗಿದೆ. ಆ ಹಿರಿಯರ ಮನಸ್ಸಿನಲ್ಲಿದ್ದದ್ದು ಬಹುಶಃ ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆಯ 4ನೆಯ ಅಧ್ಯಾಯ. ಆದರೆ ಪೌಲನು ಅಲ್ಲಿ ದುಃಖಿಸಲೇಬೇಡಿರೆಂದು ಹೇಳುವುದಿಲ್ಲ. ನಿರೀಕ್ಷೆಯಿಲ್ಲದವರು ದುಃಖಿಸುವ ಹಾಗೆ ದುಃಖಿಸಬಾರದು ಎನ್ನುತ್ತಾನೆ. ಈ ಎರಡರ ನಡುವಿನ ಅಂತರವನ್ನು ಮರೆತು ಎಷ್ಟು ಮನೆಗಳಲ್ಲಿ ಎಷ್ಟು ಜನರ ಬಾಯಿ ಕಟ್ಟಿಸಿದ್ದೇವೋ! ತೀರಿಕೊಂಡಿದ್ದ ಸ್ನೇಹಿತ ಲಾಜರನ ಸಮಾಧಿಯ ಕಡೆಗೆ ಹೊರಟಿದ್ದ ಯೇಸುವಿಗೆ, ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ತಾನೇ ಹೊರಗೆ ಕರೆಯಲಿದ್ದೇನೆಂಬುದು ತಿಳಿದಿತ್ತು. ಆದರೂ ಲಾಜರನ ಸಹೋದರಿ ಮರಿಯಳು ಅಳುವುದನ್ನು ಕಂಡು ಆತನೂ ಅತ್ತನು. ಸತ್ತವನು ಎದ್ದುಬರುವನೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವನೇ ಅತ್ತಿರುವಾಗ, ನಿಮ್ಮ ಕಣ್ಣೀರನ್ನು ಅವಿಶ್ವಾಸವೆಂದು ಕರೆಯಲು ಯಾರಿಗೆ ಅಧಿಕಾರವಿದೆ?

ಸುವಾರ್ತೆಗಳಲ್ಲಿ ಯೇಸು ಜನರನ್ನು ಕಂಡು ಕನಿಕರಪಟ್ಟನೆಂದು ನಾವು ಓದುವ ಕಡೆಗಳಲ್ಲಿ ಗ್ರೀಕ್ ಮೂಲದಲ್ಲಿರುವ ಕ್ರಿಯಾಪದವು ಒಡಲೊಳಗಿನ ಅಂಗಗಳನ್ನು ಹೇಳುವ ಶಬ್ದದಿಂದ ಬಂದದ್ದು. ‘ಕರುಳು ಚುರ್ ಎಂದಿತು’ ಎಂದು ನಾವು ಹೇಳುತ್ತೇವಲ್ಲ, ಅದಕ್ಕಿಂತ ಹತ್ತಿರದ ಮಾತು ನನಗಂತೂ ತೋಚುವುದಿಲ್ಲ. ಮಾರ್ಕನ 3ನೆಯ ಅಧ್ಯಾಯದಲ್ಲಿ, ಕೈ ಬತ್ತಿದವನನ್ನು ಸಬ್ಬತ್ ದಿನದಲ್ಲಿ ಗುಣಪಡಿಸುವ ಮುನ್ನ, ಆತನ ಕೋಪವೂ ದುಃಖವೂ ಒಂದೇ ವಚನದಲ್ಲಿ ಬರುತ್ತವೆ.

ಪುರಾತನ ಸಭೆಯ ದೊಡ್ಡ ಬೋಧಕನಾದ ಅಗಸ್ಟೀನನ ತಾಯಿ ಮೋನಿಕಾ 387ರಲ್ಲಿ ರೋಮಿನ ಬಳಿಯ ಓಸ್ಟಿಯಾದಲ್ಲಿ ತೀರಿಕೊಂಡಾಗ ನಡೆದದ್ದನ್ನೂ ಇಲ್ಲಿ ನೆನೆಯಬೇಕು. ಆಕೆಗೆ ಆಗ 56ನೆಯ ವರ್ಷ, ಮಗನಿಗೆ 33ನೆಯದು ನಡೆಯುತ್ತಿತ್ತು. ಆತನ ಹುಡುಗ ಅದಿಯೋದಾತುಸನು ಅಜ್ಜಿಗಾಗಿ ಜೋರಾಗಿ ಅತ್ತಾಗ ಅಲ್ಲಿದ್ದವರು ಅವನನ್ನು ಸುಮ್ಮನಾಗಿಸಿದರು. ಇಂಥ ಸಾವಿಗೆ ಗೋಳಾಡುವುದು ತರವಲ್ಲವೆಂದು ಅಗಸ್ಟೀನನೂ ಹಲ್ಲುಕಚ್ಚಿ ತಡೆದುಕೊಂಡನು. ಸಮಾಧಿಯ ಬಳಿಯಲ್ಲಿಯೂ ಅಳಲಿಲ್ಲ. ಮನಸ್ಸು ಹಗುರವಾದೀತೆಂದು ಸ್ನಾನ ಮಾಡಿದನು, ಆಗಲಿಲ್ಲ. ಒಂದು ನಿದ್ದೆ ಮಾಡಿ ಎದ್ದ ಮೇಲೆ, ಹಾಸಿಗೆಯಲ್ಲಿ ಒಬ್ಬನೇ ಇದ್ದಾಗ, ತಡೆಹಿಡಿದದ್ದೆಲ್ಲ ಹರಿದುಬಂತು. ಆಗ ಆತನು ಅತ್ತದ್ದು ದೇವರ ಮುಂದೆ, ತಾಯಿಗಾಗಿ, ತನಗಾಗಿ. ನೀವು ಆ ಕನ್ನಡಕದ ಮುಂದೆ ಮಾಡಿದ್ದೂ ಅದನ್ನೇ.

ಎರಡನೆಯ ಉತ್ತರ

ಮೇಲಿನ ಸಹೋದರರು ಹೇಳಿದ್ದಕ್ಕೆ ನನ್ನ ಸಂಪೂರ್ಣ ಒಪ್ಪಿಗೆಯಿದೆ. ಪ್ರಾರ್ಥನೆಯಲ್ಲಿನ ಒಣಗುವಿಕೆಯ ಬಗ್ಗೆ ಒಂದೆರಡು ಮಾತು ಸೇರಿಸುತ್ತೇನೆ.

1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದರಲ್ಲಿ, ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರನು ಬರೆದಿದ್ದ ಮುನ್ನುಡಿಯನ್ನು ಒಬ್ಬರು ಓದುತ್ತಿರುವಾಗ, ಮೆಥಡಿಸ್ಟ್ ಸಭೆಗಳ ಮೂಲಪುರುಷ ಜಾನ್ ವೆಸ್ಲಿಯ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತು. ಈ ಮಾತನ್ನು ಪ್ರಸಂಗಗಳಲ್ಲಿ ನಾವೆಲ್ಲರೂ ಕೇಳಿದ್ದೇವೆ. ಆತನ ದಿನಚರಿಯಲ್ಲಿ ಅದೇ ದಿನದ ಬರಹದಲ್ಲಿ ಕೆಲವೇ ಸಾಲುಗಳ ಕೆಳಗೆ ಇರುವುದನ್ನು ಮಾತ್ರ ಯಾರೂ ಹೇಳುವುದಿಲ್ಲ: ಸ್ವಲ್ಪ ಹೊತ್ತಿನಲ್ಲಿಯೇ ‘ಇದು ನಂಬಿಕೆಯಾಗಿರಲಾರದು, ಹಾಗಿದ್ದರೆ ನಿನ್ನ ಸಂತೋಷವೆಲ್ಲಿ?’ ಎಂಬ ಶೋಧನೆ ಆತನನ್ನು ಕಾಡಿತು. ಸಮಾಧಾನವೂ ಪಾಪದ ಮೇಲಿನ ಜಯವೂ ನಂಬಿಕೆಗೆ ಸೇರಿದವು, ಆನಂದದ ಉಕ್ಕುವಿಕೆಯನ್ನಾದರೋ ದೇವರು ತನ್ನ ಚಿತ್ತದಂತೆ ಒಮ್ಮೆ ಕೊಡುತ್ತಾನೆ, ಒಮ್ಮೆ ತಡೆಹಿಡಿಯುತ್ತಾನೆ ಎಂಬುದನ್ನು ಆತನು ಆಗ ಕಲಿತನು. ಅಷ್ಟಾದರೂ 1739ರ ಜನವರಿಯಲ್ಲಿ, ತಾನು ಈಗ ಕ್ರೈಸ್ತನೇ ಅಲ್ಲವೆಂದು ಬರೆದುಕೊಂಡನು. ಮೂರು ತಿಂಗಳು ಕಳೆಯುವುದರೊಳಗೆ ಬ್ರಿಸ್ಟಲಿನ ಬಯಲಿನಲ್ಲಿ ನಿಂತು ಸುವಾರ್ತೆ ಸಾರತೊಡಗಿದನು.

ಆದುದರಿಂದ ನಿಮ್ಮ ಪ್ರಾರ್ಥನೆ ಕಪಟವಲ್ಲ. ಇಲ್ಲದ ಭಾವನೆಯನ್ನು ಇದೆಯೆಂದು ತೋರಿಸಿಕೊಳ್ಳುವುದು ಕಪಟ. ಏನೂ ಅನ್ನಿಸದಿದ್ದರೂ ಮೊಣಕಾಲೂರುವುದಕ್ಕೆ ನಿಷ್ಠೆಯೆಂದು ಹೆಸರು. ನಮ್ಮ ಕೂಟಗಳಲ್ಲಿ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿಸಿ, ವಾದ್ಯದ ದನಿಯನ್ನು ಏರಿಸುತ್ತ ಹೋಗಿ, ಆಗ ಬರುವ ಕಣ್ಣೀರನ್ನು ಪವಿತ್ರಾತ್ಮನ ಕೆಲಸವೆಂದು ಆ ಕ್ಷಣವೇ ಘೋಷಿಸುವುದನ್ನು ಕಂಡರೆ ನನಗೆ ಭಯವಾಗುತ್ತದೆ. 18ನೆಯ ಶತಮಾನದ ಅಮೆರಿಕದ ಉಜ್ಜೀವನದ ಕಾಲದಲ್ಲಿ ಬದುಕಿದ್ದ ಸಭಾಪಾಲಕ ಜೊನಾಥನ್ ಎಡ್ವರ್ಡ್ಸ್ ಇದನ್ನೇ ಕೂಲಂಕಷವಾಗಿ ಪರಿಶೀಲಿಸಿದ್ದನು. ನಿಜವಾದ ಭಕ್ತಿಯು ಬಹುಮಟ್ಟಿಗೆ ಹೃದಯದ ಭಾವಗಳಲ್ಲಿಯೇ ಇರುತ್ತದೆಂದು ಆತನು ದೃಢವಾಗಿ ಹೇಳಿದನು; ಆದರೆ ಭಾವ ಎಷ್ಟು ತೀವ್ರವಾಗಿತ್ತು, ಮೈ ನಡುಗಿತೇ ಎಂಬುದರಿಂದ ಅದು ದೇವರದೋ ಅಲ್ಲವೋ ಎಂದು ತೀರ್ಮಾನಿಸಲಾಗದು, ನಡತೆಯಲ್ಲಿ ಬರುವ ಫಲದಿಂದಲೇ ತಿಳಿಯಬೇಕು ಎಂದನು. ನೀವು ಹೀಗೆಯೇ ಮುಂದುವರಿಯಿರಿ, ಭಾವನೆ ತಾನಾಗಿ ಹಿಂಬಾಲಿಸುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು

ಇಬ್ಬರಿಗೂ ಕೃತಜ್ಞತೆಗಳು. ಅದಿಯೋದಾತುಸನ ಸಂಗತಿಯನ್ನು ಓದಿ ತುಂಬ ದಿನಗಳ ಮೇಲೆ ಕಣ್ಣು ಒದ್ದೆಯಾಯಿತು. ಆದರೆ ಒಂದನ್ನು ನಾನು ಮೊದಲೇ ಹೇಳಬೇಕಾಗಿತ್ತು. ಏನೂ ಅನ್ನಿಸದಿರುವುದು ಪ್ರಾರ್ಥನೆಯಲ್ಲಿ ಮಾತ್ರವಲ್ಲ. ಊಟ ರುಚಿಸುವುದಿಲ್ಲ. ನಸುಕಿನ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಮಗು ಬಂದು ತಬ್ಬಿಕೊಂಡರೂ ಗೋಡೆಯಾಚೆ ಯಾರೋ ಯಾರನ್ನೋ ತಬ್ಬಿಕೊಂಡಂತೆ ಇರುತ್ತದೆ. ಇದನ್ನೂ ನಿಷ್ಠೆಯಿಂದ ದಾಟಬೇಕೇ?

ಮೂರನೆಯ ಉತ್ತರ

ಇಲ್ಲ, ಸಹೋದರಿ. ಇದನ್ನು ಒಬ್ಬರೇ ದಾಟಬೇಡಿರಿ. ಎರಡನೆಯ ಉತ್ತರ ಬರೆದವರ ಮೇಲೆ ನನಗೆ ಗೌರವವಿದೆ, ಆದರೆ ‘ಮುಂದುವರಿಯಿರಿ, ಭಾವನೆ ಹಿಂಬಾಲಿಸುತ್ತದೆ’ ಎಂಬ ಮಾತು ಈಗ ನೀವು ಹೇಳಿದ್ದಕ್ಕೆ ಸಲ್ಲುವುದಿಲ್ಲ. ಊಟ, ನಿದ್ದೆ, ಮಗುವಿನ ಅಪ್ಪುಗೆ ಇವೆಲ್ಲವೂ ಸಪ್ಪೆಯಾಗಿ ವಾರಗಟ್ಟಲೆ ಕಳೆದಿದ್ದರೆ ಅದು ಖಿನ್ನತೆಯ ಕಾಯಿಲೆ ಇರಬಹುದು, ಅದಕ್ಕೆ ಚಿಕಿತ್ಸೆಯಿದೆ. ಈ ವಾರವೇ ವೈದ್ಯರನ್ನು ಕಾಣಿರಿ; ಬದುಕು ಸಾಕೆಂಬ ಯೋಚನೆ ಸುಳಿದರೆ ಒಂದು ದಿನವೂ ಕಾಯದೆ ಮನೆಯವರಿಗೆ ಹೇಳಿರಿ.

ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಯನು ಅಡವಿಯಲ್ಲಿ ಗಿಡವೊಂದರ ಕೆಳಗೆ ಕುಳಿತು, ಪ್ರಾಣ ತೆಗೆದುಬಿಡು ಎಂದು ದೇವರನ್ನು ಬೇಡುತ್ತಾನೆ. ದೇವದೂತನು ಅವನನ್ನು ಗದರಿಸುವುದಿಲ್ಲ, ಉಪದೇಶವನ್ನೂ ಮಾಡುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು, ನಿದ್ದೆ. ಮತ್ತೆ ಎಬ್ಬಿಸಿ ಮತ್ತೆ ಊಟ. ಪ್ರಯಾಣ ಬಲು ದೂರವೆಂದು ಅವನಿಗೆ ಹೇಳಿದ್ದು ಈ ಎರಡನೆಯ ಸಲ ಎಬ್ಬಿಸಿದಾಗ. ಕವಿ ವಿಲಿಯಂ ಕೂಪರ್ 1773ರಲ್ಲಿ ಮನಸ್ಸು ಕುಸಿದು, ದೇವರು ತನ್ನನ್ನು ಕೈಬಿಟ್ಟನೆಂದೇ ನಂಬಿದ್ದಾಗ, ಸಭಾಪಾಲಕ ಜಾನ್ ನ್ಯೂಟನ್ ಆತನನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ತನ್ನ ಮನೆಯಲ್ಲಿಯೇ ಇರಿಸಿಕೊಂಡು ನೋಡಿಕೊಂಡನು. ಅಂಥವರೊಬ್ಬರು ನಿಮ್ಮ ಸಭೆಯಲ್ಲಿಯೂ ಇದ್ದಾರು. ಗದರಿಸಿದವರನ್ನು ಬಿಟ್ಟು ಅವರನ್ನು ಹುಡುಕಿರಿ.

ಪ್ರಾರ್ಥನೆಗೆ ಮಾತು ಹೊಳೆಯದಿದ್ದರೆ 88ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಿರಿ. ಬೇರೆ ಪ್ರಲಾಪದ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಭರವಸೆಯ ಕಡೆಗೆ ತಿರುಗುತ್ತವೆ; ಇದು ತಿರುಗುವುದಿಲ್ಲ. ಹೀಬ್ರೂ ಮೂಲದಲ್ಲಿ ಇದರ ಕಡೆಯ ಪದವೇ ಕತ್ತಲೆ. ಆದರೂ ಅದನ್ನು ಹಾಡಿದವನು ಮೊದಲ ಸಾಲಿನಲ್ಲಿ ‘ನನ್ನನ್ನು ರಕ್ಷಿಸುವ ದೇವರೇ’ ಎಂದೇ ಕರೆದಿದ್ದಾನೆ, ಮತ್ತು ದೇವಜನರು ಅದನ್ನು ಕಿತ್ತುಹಾಕದೆ ಆರಾಧನೆಯ ಗ್ರಂಥದಲ್ಲಿ ಉಳಿಸಿಕೊಂಡಿದ್ದಾರೆ. ಅದನ್ನೂ ಓದಲಾಗದ ದಿನ ಓದಬೇಡಿರಿ. ನಾನು ನಸುಕಿನಲ್ಲಿ ಏಳುವವನು. ನಿಮಗೆ ಎಚ್ಚರವಾಗುವ ಹೊತ್ತಿನಲ್ಲಿ ನಿಮಗಾಗಿ ಪ್ರಾರ್ಥಿಸುತ್ತಿರುತ್ತೇನೆ. ವೈದ್ಯರನ್ನು ಕಂಡ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ.