ಮೈತ್ರಿ ಮಾತುಕತೆ: ಮಾತು ಬದಲಿಸಿದವರೆಲ್ಲ ಅವಕಾಶವಾದಿಗಳೇ?

ಅರೆಮನಸ್ಸಿನ ಮತದಾರ:
ಪ್ರಚಾರದಲ್ಲಿ "ಅವರ ಜೊತೆ ಸೇರೋ ಪ್ರಶ್ನೆಯೇ ಇಲ್ಲ" ಅಂತ ಗುಡುಗಿದವರು, ಫಲಿತಾಂಶ ಬಂದ ಮೇಲೆ ಅವರದೇ ಕೈ ಎತ್ತಿ ಹಿಡಿದು ಫೋಟೋಗೆ ನಿಲ್ತಾರೆ. ನೋಡಿದ ಕೂಡಲೇ ಮೈ ಉರಿಯುತ್ತೆ, ನಿಜ. ಆದರೆ ಯಾರಿಗೂ ಬಹುಮತ ಇಲ್ಲದಾಗ ಒಬ್ಬರಾದರೂ ಪಟ್ಟು ಸಡಿಲಿಸದೆ ಸರ್ಕಾರ ಆಗೋದು ಹೇಗೆ? ಇಂಥ ಹೊತ್ತಲ್ಲಿ ನಾಯಕರ ನಡತೆ ಅಳೆಯೋಕೆ ನೀವು ಏನು ನೋಡ್ತೀರಿ? ಪಕ್ಷದ ಜಗಳ ಬೇಡ, ದಯವಿಟ್ಟು.

ಕಡ್ಡಿಮುರುಕ:
ಯಾರನ್ನ ಕೇಳಿ ಬದಲಿಸಿದ, ಬದಲಿಸಿದ್ದರಿಂದ ಯಾರಿಗೆ ಏನು ಸಿಕ್ತು. ನಾನು ನೋಡೋದು ಇಷ್ಟೇ.

ಜರ್ಮನಿಯ 2017ರ ಪ್ರಸಂಗ ತಗೊಳ್ಳಿ. ಸೋಷಿಯಲ್ ಡೆಮಾಕ್ರಾಟರು ಸೋತ ರಾತ್ರಿಯೇ "ನಾವಿನ್ನು ವಿರೋಧ ಪಕ್ಷ" ಅಂದ್ರು. ಅವರ ನಾಯಕ ಮಾರ್ಟಿನ್ ಶುಲ್ಟ್ಸ್, ಚಾನ್ಸಲರ್ ಮರ್ಕೆಲ್ ಸಂಪುಟ ತಾನು ಸೇರಲ್ಲ ಅಂತಾನೂ ಹೇಳಿಬಿಟ್ರು. ಮರ್ಕೆಲ್ ಬೇರೆ ಪಕ್ಷಗಳ ಜೊತೆ ನಡೆಸಿದ ಮಾತುಕತೆ ಮುರಿದುಬಿತ್ತು. ಕೊನೆಗೆ ಇದೇ ಪಕ್ಷ ವಾಪಸ್ ಮೇಜಿಗೆ ಬಂತು.

2018ರ ಫೆಬ್ರವರಿಯಲ್ಲಿ ಒಪ್ಪಂದ ಆಯ್ತು, ನೂರಕ್ಕೂ ಹೆಚ್ಚು ಪುಟದ್ದು, ಎಲ್ಲರೂ ಓದಬಹುದಾದ್ದು. ಪಕ್ಷ ಅದನ್ನ ತನ್ನ ಸಾಮಾನ್ಯ ಸದಸ್ಯರ ಮತಕ್ಕೇ ಹಾಕ್ತು. ಸುಮಾರು 66 ಪ್ರತಿಶತ ಜನ ಹೂಂ ಅಂದ್ರು. ಮಾತು ತಿರುಗಿದ್ದು ಹೌದು, ಆದರೆ ಕದ್ದುಮುಚ್ಚಿ ಅಲ್ಲ.

ಒಪ್ಪಂದ ಆದ ವಾರವೇ ಶುಲ್ಟ್ಸ್ ಏನು ಮಾಡಿದ್ರು ಗೊತ್ತಾ? ವಿದೇಶಾಂಗ ಖಾತೆ ನನಗೆ ಬೇಕು ಅಂದ್ರು. ಆ ಕುರ್ಚಿಯಲ್ಲಿ ಕೂತಿದ್ದವರು ಅವರದೇ ಪಕ್ಷದ ಗ್ಯಾಬ್ರಿಯೆಲ್! ಪಕ್ಷದೊಳಗೇ ಬೆಂಕಿ ಹತ್ತಿಕೊಂಡು, ಎರಡೇ ದಿನಕ್ಕೆ ಆಸೆ ಕೈಬಿಡಬೇಕಾಯ್ತು. ಪಕ್ಷದ ಯೂ-ಟರ್ನ್ ಸದಸ್ಯರು ನುಂಗಿಕೊಂಡ್ರು, ನಾಯಕನ ಸ್ವಂತದ್ದನ್ನ ನುಂಗಲಿಲ್ಲ. ಸರಿಯಾಗೇ ಇತ್ತು ಅನ್ನೋದು ನನ್ನ ಲೆಕ್ಕ.

ಬಾಲ್ಕನಿ:
ಹಾಗಾದ್ರೆ ಎದ್ದು ಹೋದವರಿಗೆ ಎಷ್ಟು ಅಂಕ? ಮರ್ಕೆಲ್ ಜೊತೆಗಿನ ಆ ಮೊದಲ ಮಾತುಕತೆ ಮುರಿದಿದ್ದು ಜರ್ಮನಿಯ ಇನ್ನೊಂದು ಪಕ್ಷ ಎಫ್‌ಡಿಪಿಯ ನಾಯಕ ಲಿಂಡ್ನರ್. ನವೆಂಬರ್ 19ರ ನಡುರಾತ್ರಿ ಹೊತ್ತಿಗೆ ಕ್ಯಾಮೆರಾ ಮುಂದೆ ಬಂದು, ತಪ್ಪಾಗಿ ಆಳೋದಕ್ಕಿಂತ ಆಳದೇ ಇರೋದೇ ವಾಸಿ ಅಂದ್ರು. ಸಿಗಬಹುದಾಗಿದ್ದ ಖಾತೆ ಬಿಟ್ಟು ಹೋದ ಮನುಷ್ಯ. ನಿಮ್ಮ ಲೆಕ್ಕದಲ್ಲಿ ಅವರೇ ಹೀರೋ ಆಗ್ಬೇಕಲ್ಲ?

ಕಡ್ಡಿಮುರುಕ:
ಖಾತೆ ಬಿಟ್ಟಿದ್ದಕ್ಕೆ ಅರ್ಧ ಅಂಕ ಕೊಡ್ತೀನಿ. ಯಾವ ವಿಷಯಕ್ಕೆ ಮುರಿದುಬಿತ್ತು ಅಂತ ಮನೆಯಲ್ಲಿ ಕೂತ ಮತದಾರನಿಗೆ ಒಂದೇ ವಾಕ್ಯದಲ್ಲಿ ತಿಳಿಯೋ ಹಾಗೆ ಹೇಳಿದ್ರೆ ಪೂರ್ತಿ ಕೊಡ್ತಿದ್ದೆ. ಬಾಯಿಪಾಠ ಮಾಡಿಕೊಂಡು ಬಂದಂಥ ಸಾಲು ಕೇಳಿದ್ರೆ ನನಗ್ಯಾಕೋ ಅನುಮಾನ.

ಮೂರನೇ ಪುಟ:
ಬ್ರಿಟನ್‌ನ ಲಿಬರಲ್ ಡೆಮಾಕ್ರಾಟ್ ಪಕ್ಷದ ನಾಯಕರಾಗಿದ್ದ ನಿಕ್ ಕ್ಲೆಗ್ ಸೇರಿಸಿಕೊಳ್ಳಿ. ಹೆಚ್ಚು ಮತ, ಹೆಚ್ಚು ಸೀಟು ಬಂದವರಿಗೇ ಮೊದಲ ಅವಕಾಶ ಅಂತ 2010ರ ಚುನಾವಣೆಗೆ ಮುಂಚೆಯೇ ಹೇಳಿದ್ರು, ಆಮೇಲೆ ಕನ್ಸರ್ವೇಟಿವ್ ಪಕ್ಷದ ಹತ್ತಿರವೇ ಮೊದಲು ಹೋದ್ರು. ಆ ಮಟ್ಟಿಗೆ ನೇರ. ಆದರೆ ಕಾಲೇಜು ಶುಲ್ಕ ಏರಿಕೆ ವಿರುದ್ಧ ಮತ ಹಾಕ್ತೀವಿ ಅಂತ ಸಹಿ ಮಾಡಿದ್ದ ಪಕ್ಷ ಕ್ಲೆಗ್ ಅವರದು. ಮತ ಹಾಕದೆ ದೂರ ಉಳಿಯೋ ಅವಕಾಶ ಕನ್ಸರ್ವೇಟಿವ್ ಜೊತೆಗಿನ ಮೈತ್ರಿ ಒಪ್ಪಂದದಲ್ಲೇ ಇತ್ತು. ಆದ್ರೂ ಡಿಸೆಂಬರ್‌ನಲ್ಲಿ ಕ್ಲೆಗ್ ಏರಿಕೆ ಪರ ಮತ ಹಾಕಿದ್ರು, ವರ್ಷಕ್ಕೆ 9,000 ಪೌಂಡ್‌ವರೆಗೆ! ಕ್ಷಮೆ ಕೇಳಿದ್ದು 2012ರಲ್ಲಿ. 2015ರಲ್ಲಿ 57 ಸೀಟು 8ಕ್ಕೆ ಇಳೀತು. ಸದಸ್ಯರನ್ನ ಕೇಳಿದ್ರೆ ಸಾಕು ಅನ್ನೋಕಾಗಲ್ಲ ಕಡ್ಡಿಮುರುಕರೇ, ಆ ಒಪ್ಪಂದಕ್ಕೂ ಪಕ್ಷದ ಸಮ್ಮೇಳನ ಒಪ್ಪಿಗೆ ಕೊಟ್ಟಿತ್ತು.

ಕಡ್ಡಿಮುರುಕ:
ಒಪ್ಪಿದೆ. ಪಕ್ಷದವರು ಬೇರೆ, ಆ ಸಹಿ ನಂಬಿ ಮತ ಹಾಕಿದ ವಿದ್ಯಾರ್ಥಿ ಬೇರೆ.

ಇದಕ್ಕಿಂತ ಕೆಟ್ಟದ್ದು ಏನೂ ಬರೆದೇ ಇಡದಿರೋದು. 2019ರ ಮಹಾರಾಷ್ಟ್ರ ನೆನಪಿದೆಯಲ್ಲ. ಮುಖ್ಯಮಂತ್ರಿ ಹುದ್ದೆ ಅರ್ಧ ಅವಧಿ ನಮಗೆ ಅಂತ ಮಾತಾಗಿತ್ತು ಅಂದಿತು ಶಿವಸೇನೆ, ಅಂಥ ಮಾತೇ ಆಗಿಲ್ಲ ಅಂದಿತು ಬಿಜೆಪಿ. ಜನರ ಮುಂದೆ ಇಡೋಕೆ ಒಂದು ಕಾಗದ ಇಲ್ಲ. ಯಾರು ಸುಳ್ಳು ಹೇಳಿದ್ರು ಅಂತ ತೀರ್ಪು ಕೊಡೋಕೆ ನಾನು ಹೋಗಲ್ಲ. ಅಷ್ಟು ದೊಡ್ಡ ವಿಷಯವನ್ನ ಬಾಯಿಮಾತಿಗೆ ಬಿಟ್ಟಿದ್ದಕ್ಕೇ ಇಬ್ಬರ ಅಂಕವೂ ಕಟ್.

ಅರೆಮನಸ್ಸಿನ ಮತದಾರ:
ಮುಂದಿನ ಸಲ ತಬ್ಬಿಕೊಂಡ ಫೋಟೋ ಬಂದಾಗ ಒಪ್ಪಂದದ ಪ್ರತಿ ಎಲ್ಲಿ ಅಂತ ಮೊದಲು ಕೇಳ್ತೀನಿ. ಬಾಲ್ಕನಿ ಅವರೇ, ಲಿಂಡ್ನರ್‌ಗೆ ನೀವು ಎಷ್ಟು ಕೊಡ್ತೀರಿ ಹೇಳಲೇ ಇಲ್ಲ.

ಬಾಲ್ಕನಿ:
ಹತ್ತಕ್ಕೆ ಆರು. 2021ರಲ್ಲಿ ಅದೇ ಮನುಷ್ಯ ಸರ್ಕಾರ ಸೇರಿ ಹಣಕಾಸು ಖಾತೆ ಹಿಡಿದ್ರು, ಅದಕ್ಕೆ ಬೇರೆ ಪ್ರಶ್ನೆಪತ್ರಿಕೆ ಬೇಕು.