ಅಪ್‌ಡೇಟ್: ದಿನಾಸ್ ದಿನ್ಲೆ ಕೋಟೆಯ ಮೇಲೆ ಡ್ರೋನ್ ಹಾರಿಸಿದೆ

ವೇಲ್ಸ್‌ನ ಕರಾವಳಿಯಲ್ಲಿ ಸಮುದ್ರಕ್ಕೆ ಕುಸಿಯುತ್ತಿರುವ ಕಬ್ಬಿಣ ಯುಗದ ದಿನಾಸ್ ದಿನ್ಲೆ ಕೋಟೆಯನ್ನು ಡ್ರೋನ್‌ನಿಂದ ಹೇಗೆ ಸೆರೆಹಿಡಿಯಲಿ ಎಂದು ಹೋದ ತಿಂಗಳು ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಋಣಿ.

ಜಾಗ ಪಾರಂಪರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯದು, ಪಕ್ಕದಲ್ಲೇ ವಿಮಾನ ನಿಲ್ದಾಣ. ಎರಡೂ ಕಡೆ ಒಪ್ಪಿಗೆ ಪಡೆದೇ ಹಾರಿಸಿದೆ.

ನೇರ ಮೇಲಿನಿಂದ ತೆಗೆದರೆ ಸಾಲದು, ಸಮುದ್ರದ ಕಡೆಯಿಂದಲೂ ತೆಗೆಯಿರಿ ಎಂದಿದ್ದಿರಿ. ಅದೇ ಸರಿಯಾಯಿತು. ಸಂಜೆಯ ಇಳಿಬಿಸಿಲಿನಲ್ಲಿ ಮಣ್ಣಿನ ಕೋಟೆದಿಬ್ಬಗಳು ಎದ್ದು ಕಂಡವು. ಪಶ್ಚಿಮದಲ್ಲಿ ಮಾತ್ರ ಅವು ಕತ್ತಿಯಿಂದ ಕಡಿದಂತೆ ತಟ್ಟನೆ ನಿಂತುಬಿಡುತ್ತವೆ. ಬೆಟ್ಟವೇ ಹಿಮನದಿ ತಂದು ಸುರಿದ ಮರಳು, ಜಲ್ಲಿ, ಜೇಡಿಯ ರಾಶಿ. ಬುಡವನ್ನು ಅಲೆ ಕೊರೆಯುತ್ತದೆ, ಮೇಲಿನಿಂದ ಮಳೆನೀರು ಇಳಿದು ಸಡಿಲಿಸುತ್ತದೆ. ಒಂದು ಚಿತ್ರದಲ್ಲಿ ಹುಲ್ಲಿನ ಹೆಂಟೆಯೊಂದು ಬೇರುಗಳ ಸಮೇತ ಅಂಚಿನಿಂದ ನೇತಾಡುತ್ತಿದೆ. ನೋಡಿ ಕರುಳು ಚುರುಕ್ಕೆಂದಿತು. 2019ರ ಉತ್ಖನನದಲ್ಲಿ ದುಂಡನೆಯ ಕಲ್ಲುಮನೆಯ ಅವಶೇಷ ಸಿಕ್ಕಿದ್ದೂ ಈ ಅಂಚಿನ ಬಳಿಯೇ.

ಒಂದು ಚಿತ್ರದ ಶೇ 80ರಷ್ಟು ಭಾಗ ಮುಂದಿನದರಲ್ಲೂ ಬರುವಂತೆ ತೆಗೆದು ಮೂರು ಆಯಾಮದ ಮಾದರಿ ಮಾಡಿದ್ದೇನೆ. ಚಳಿಗಾಲದ ಬಿರುಗಾಳಿಗಳು ಮುಗಿದ ಮೇಲೆ ಇದೇ ಎತ್ತರದಲ್ಲಿ, ಇದೇ ದಾರಿಯಲ್ಲಿ ಮತ್ತೆ ಹಾರಿಸಿ ಎರಡನ್ನೂ ಹೋಲಿಸುತ್ತೇನೆ.