‘ಟ್ರೈ ಟು ಓಪನ್’, ‘ಟ್ರೈ ಓಪನಿಂಗ್’: ಕನ್ನಡ ಅಡಿಬರಹದಲ್ಲಿ ಏನು ಬರೆಯೋದು?

ಗುಬ್ಬಿಯಿಂದ ಪ್ರಶ್ನೆ:

ನಮಸ್ಕಾರ. ಇಂಗ್ಲಿಷ್ ಕ್ರಿಯಾಪದದ ಮುಂದೆ ‘ಟು’ ಬರುತ್ತೋ ‘ಇಂಗ್’ ಬರುತ್ತೋ ಅನ್ನೋದನ್ನ ಒಂಬತ್ತು, ಹತ್ತನೇ ತರಗತಿಯವರಿಗೆ ಸಿನಿಮಾ, ಧಾರಾವಾಹಿ ತುಣುಕುಗಳ ಮೂಲಕ ಹೇಳಿಕೊಡುವ ಪಾಠ ತಯಾರಾಗ್ತಿದೆ. ಚಿತ್ರದ ಕೆಳಗೆ ಇಂಗ್ಲಿಷ್ ಸಾಲು, ಅದರಡಿ ಕನ್ನಡ ಸಾಲು. ತೊಡಕಿರೋದು ಕನ್ನಡದಲ್ಲಿ. ‘ಹೀ ಟ್ರೈಡ್ ಟು ಓಪನ್ ದ ವಿಂಡೋ’, ‘ಹೀ ಟ್ರೈಡ್ ಓಪನಿಂಗ್ ದ ವಿಂಡೋ’ ಎರಡಕ್ಕೂ ‘ಕಿಟಕಿ ತೆರೆಯಲು ಪ್ರಯತ್ನಿಸಿದನು’ ಅಂತಲೇ ಬರ್ತಿದೆ. ಎರಡೂ ಒಂದೇ ಆದರೆ ಪಾಠ ಯಾತಕ್ಕೆ ಅಂತ ಮಕ್ಕಳು ಕೇಳ್ತಾರೆ. ಈ ವ್ಯತ್ಯಾಸ ಹಿಡಿಯುವ ಮಾತು ಕನ್ನಡದಲ್ಲಿದೆಯಾ? ‘ಸ್ಟಾಪ್’, ‘ರಿಮೆಂಬರ್’, ‘ಮೇಕ್’, ‘ಲೆಟ್’ ಇವುಗಳದ್ದೂ ಇದೇ ಗೋಳು.

ಮುಳಬಾಗಿಲಿನಿಂದ ಉತ್ತರ:

ಇದೆ ಮೇಡಂ, ದಿನಾ ಬಾಯಲ್ಲಿರೋ ಮಾತೇ. ‘ಪ್ರಯತ್ನಿಸು’ ಬಿಟ್ಟು ‘ನೋಡು’ ತಗೊಳ್ಳಿ. ‘ತೆಗೆಯೋಕೆ ನೋಡ್ದ’ ಅಂದರೆ ಬಲ ಹಾಕಿದ, ಕಿಟಕಿ ಜಪ್ಪಯ್ಯ ಅನ್ನಲಿಲ್ಲ. ‘ತೆಗೆದು ನೋಡ್ದ’ ಅಂದರೆ ಕಿಟಕಿ ತೆರೆದಾಗಿದೆ, ಸೆಕೆ ಕಮ್ಮಿ ಆಗುತ್ತೋ ಇಲ್ವೋ ಅನ್ನೋದು ಪರೀಕ್ಷೆ. ಮೊದಲನೆಯದು ‘ಟು’, ಎರಡನೆಯದು ‘ಇಂಗ್’. ನಮ್ಮ ಕೋಲಾರದ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು, ಇಲ್ಲವೇ ಉರ್ದು. ಅವರಿಗೂ ಇದು ಹೊಸದಲ್ಲ: ‘ತಿಂದು ನೋಡು’ ಅನ್ನೋದು ತೆಲುಗಲ್ಲಿ ‘ತಿನಿ ಚೂಡು’, ಉರ್ದುವಲ್ಲಿ ‘ಖಾಕೆ ದೇಖೋ’.

ಆದರೆ ‘ಇಂಗ್ ಅಂದರೆ ‑ವುದು, ಟು ಅಂದರೆ ‑ಅಲು’ ಅಂತ ಸೂತ್ರ ಬರೆಸಬೇಡಿ. ಮಕ್ಕಳ ವ್ಯಾಕರಣದ ಪಾಠದಲ್ಲಿ ‘ತೆಗೆಯಲು’, ‘ತೆಗೆದು’ ಎರಡೂ ಕೃದಂತಾವ್ಯಯವೇ, ಅಂದರೆ ಧಾತುವಿನಿಂದ ಹುಟ್ಟಿ ರೂಪ ಬದಲಾಗದೆ ಉಳಿಯುವ ಪದ. ಸೂತ್ರ ಅಲ್ಲೇ ಮುರೀತು. ‘ರಿಮೆಂಬರ್’ ಬಂದರೆ ತಲೆಕೆಳಗೇ ಆಗುತ್ತೆ. ‘ಬೀಗ ಹಾಕೋದು ನೆನಪಿರಲಿ’ ಅನ್ನೋದಕ್ಕೆ ‘ರಿಮೆಂಬರ್ ಟು ಲಾಕ್’, ‘ಬೀಗ ಹಾಕಿದ್ದು ನೆನಪಿದೆ’ ಅನ್ನೋದಕ್ಕೆ ‘ರಿಮೆಂಬರ್ ಲಾಕಿಂಗ್’. ಇಲ್ಲಿ ‘ಹಾಕೋದು’ಗೆ ‘ಟು’ ಸಿಕ್ತು, ನೋಡಿ. ಕನ್ನಡ ಕಾಲದಲ್ಲಿ ತೋರಿಸೋದನ್ನ ಇಂಗ್ಲಿಷ್ ಕ್ರಿಯೆಯ ರೂಪದಲ್ಲಿ ತೋರಿಸುತ್ತೆ. ‘ಫರ್ಗೆಟ್’ಗೂ ಇದೇ ದಾರಿ.

‘ಸ್ಟಾಪ್’ ಸುಲಭ. ‘ಮಾತಾಡೋದು ನಿಲ್ಲಿಸಿದ’ ಆದರೆ ‘ಇಂಗ್’, ‘ಮಾತಾಡೋಕೆ ನಿಂತ’ ಆದರೆ ‘ಟು’. ಕನ್ನಡದಲ್ಲಿ ನಿಲ್ಲು, ನಿಲ್ಲಿಸು ಬೇರೆಬೇರೆಯಾಗೇ ಇವೆ.

‘ಮೇಕ್’, ‘ಹ್ಯಾವ್’, ‘ಗೆಟ್’ ಮೂರಕ್ಕೂ ನಮ್ಮದು ಒಂದೇ ‘‑ಇಸು’: ಬರೆಸಿದರು. ಹಿಂದೊಂದು ಮಾತು ಸೇರಿಸಿದರೆ ಬೇರೆಯಾಗುತ್ತವೆ. ಗದರಿಸಿ ಬರೆಸಿದರು, ‘ಮೇಕ್’. ಹೇಳಿ ಬರೆಸಿದರು, ‘ಹ್ಯಾವ್’. ಪುಸಲಾಯಿಸಿ ಬರೆಸಿದರು, ‘ಗೆಟ್’, ಇದಕ್ಕೆ ಮಾತ್ರ ‘ಟು’ ಬೇಕು. ‘ಲೆಟ್’ನಲ್ಲಿ ಕನ್ನಡವೇ ದಾರಿ ತಪ್ಪಿಸುತ್ತೆ: ‘ಬರೆಯೋಕೆ ಬಿಟ್ಟರು’ ಅನ್ನುವಲ್ಲಿನ ‘‑ಓಕೆ’ ನೋಡಿ ಮಕ್ಕಳು ‘ಲೆಟ್ ಮಿ ಟು ರೈಟ್’ ಅಂತ ಬರೀತಾರೆ. ಅಲ್ಲಿ ಕನ್ನಡ ಸಾಲನ್ನೇ ತೆಗೆದುಬಿಡಿ. ‘ವಾಸ್ ಮೇಡ್ ಟು ರೈಟ್’ ಅಂತ ಕರ್ಮಣಿಯಲ್ಲಿ ‘ಟು’ ವಾಪಸ್ ಬರೋದನ್ನ ಅದೇ ದಿನ ಹೇಳಬೇಡಿ, ಎಲ್ಲ ಕಲಸಿಹೋಗುತ್ತೆ.

ಚಿತ್ರ ಇಲ್ಲದೆ ಆಗದ ಪಾಠ ಒಂದಿದೆ, ‘ಸೀ’. ‘ಸಾ ಹಿಮ್ ಕ್ರಾಸ್’ ಅಂದರೆ ದಾಟಿದ್ದನ್ನ ನೋಡಿದೆ, ಈ ಬದಿಯಿಂದ ಆ ಬದಿವರೆಗೂ. ‘ಸಾ ಹಿಮ್ ಕ್ರಾಸಿಂಗ್’ ಅಂದರೆ ದಾಟ್ತಾ ಇದ್ದದ್ದನ್ನ ನೋಡಿದೆ, ಮುಟ್ಟಿದನೋ ಇಲ್ಲವೋ ಮಾತಿಲ್ಲ. ಇದಕ್ಕೆ ಸಿನಿಮಾನೂ ಬೇಡ, ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಒಬ್ಬರು ರಸ್ತೆ ದಾಟೋದನ್ನ ಫೋನಲ್ಲಿ ಹತ್ತು ಸೆಕೆಂಡ್ ಹಿಡಿದರೆ ಸಾಕು. ಒಂದು ಸಲ ಪೂರ್ತಿ ಓಡಿಸಿ, ಇನ್ನೊಂದು ಸಲ ನಡುರಸ್ತೆಯಲ್ಲೇ ಪರದೆ ಕಪ್ಪು ಮಾಡಿ. ಯಾವ ವಾಕ್ಯಕ್ಕೆ ಯಾವ ತುಣುಕು ಅಂತ ಮಕ್ಕಳೇ ಹೇಳ್ತಾರೆ.

ಬೇರೆ ತುಣುಕುಗಳೂ ಇಪ್ಪತ್ತು ಸೆಕೆಂಡ್ ದಾಟಬಾರದು. ಮೊದಲು ಸದ್ದಿಲ್ಲದೆ, ಆಮೇಲೆ ಅಡಿಬರಹ ಇಲ್ಲದೆ ಸದ್ದು ಮಾತ್ರ, ಆಮೇಲೆ ಇಂಗ್ಲಿಷ್ ಸಾಲು, ಕನ್ನಡ ಕಟ್ಟಕಡೆಗೆ. ಎರಡೂ ಸಾಲು ಒಟ್ಟಿಗೆ ಬಂದರೆ ಕಣ್ಣು ಕನ್ನಡಕ್ಕೆ ಹೋಗುತ್ತೆ, ಕಿವಿ ಕೆಲಸ ಬಿಡುತ್ತೆ. ಸಿದ್ಧ ಅಡಿಬರಹವನ್ನ ನಂಬಬೇಡಿ. ಓದೋಕೆ ಸಮಯ ಸಾಲಲ್ಲ ಅಂತ ಸಾಲನ್ನ ಮೊಟಕು ಮಾಡಿರ್ತಾರೆ. ನಟ ‘ಟ್ರೈ ಟು’ ಅಂದಿರ್ತಾನೆ, ಕೆಳಗೆ ಬರೀ ಕ್ರಿಯಾಪದ ಇರುತ್ತೆ. ‘ವಾನ’ (ವಾಂಟ್ ಟು), ‘ಗೊನ’ (ಗೋಯಿಂಗ್ ಟು) ಅನ್ನೋ ಉಚ್ಚಾರದಲ್ಲಿ ‘ಟು’ ನುಂಗಿಹೋಗಿರುತ್ತೆ, ಮಕ್ಕಳು ‘ವಾಂಟ್ ಗೋ’ ಅಂತ ಬರೆಯೋದು ಅದಕ್ಕೇ. ಎಸ್‌ಆರ್‌ಟಿ ಅನ್ನೋ ಅಡಿಬರಹದ ಕಡತ ನೋಟ್‌ಪ್ಯಾಡಲ್ಲಿ ತೆರೆಯುತ್ತೆ: ಕ್ರಮಸಂಖ್ಯೆ, ಸಮಯ, ಮಾತು, ಒಂದು ಖಾಲಿ ಸಾಲು. ಕೇಳಿಸಿದ್ದನ್ನ ಇದ್ದಂತೆ ತಿದ್ದಿ. ಕನ್ನಡ ಇರೋದರಿಂದ ಉಳಿಸುವಾಗ ಎನ್‌ಕೋಡಿಂಗ್ ಅನ್ನೋ ಕಡೆ ಯುಟಿಎಫ್‌‑8 ಆರಿಸಿ, ಇಲ್ಲದಿದ್ದರೆ ಅಕ್ಷರದ ಜಾಗದಲ್ಲಿ ಪ್ರಶ್ನೆಚಿಹ್ನೆ ಬರುತ್ತೆ. ಸಾಲು ಮಾತಿಗಿಂತ ಹಿಂದೆಮುಂದೆ ಆದರೆ ವಿಡಿಯೊ ಓಡಿಸುವ ವಿಎಲ್‌ಸಿಯಲ್ಲಿ ಜಿ, ಎಚ್ ಕೀ ಒತ್ತಿ ಸರಿಹೊಂದಿಸಬಹುದು.

ಉದಾಹರಣೆ ಹುಡುಕೋಕೆ ಭಾಷಾಶಾಸ್ತ್ರಜ್ಞ ಮಾರ್ಕ್ ಡೇವಿಸ್ ಅವರ ಟಿವಿ ಕಾರ್ಪಸ್ ಇದೆ, ಅಂದರೆ ಟಿವಿ ಮಾತುಗಳನ್ನ ಹುಡುಕೋಕೆ ಬರುವಂತೆ ಕೂಡಿಟ್ಟ ಸಂಗ್ರಹ, 1950ರ ದಶಕದಿಂದೀಚಿನ ಸುಮಾರು 75,000 ಕಂತುಗಳ 32.5 ಕೋಟಿ ಪದ. ಬರೀ ‘ಇಂಗ್’ ಅಂತ ಹುಡುಕಿದರೆ ‘ಮಾರ್ನಿಂಗ್’, ‘ಸಮ್‌ಥಿಂಗ್’ ಎಲ್ಲ ಬಂದು ಬೀಳುತ್ತೆ. ‘ಟ್ರೈ’ ಜೊತೆ ಕ್ರಿಯಾಪದದ ಗುರುತು (ಟ್ಯಾಗ್) ಸೇರಿಸಿ ಹುಡುಕಿ. ಹಾರ್ನ್‌ಬಿ ಅನ್ನೋ ಇಂಗ್ಲಿಷ್ ನಿಘಂಟುಕಾರರು 1954ರಲ್ಲಿ ಕ್ರಿಯಾಪದದ ಜೊತೆ ಏನೇನು ಬರುತ್ತೆ ಅನ್ನೋ ಇಂಥ ಮಾದರಿಗಳನ್ನ 25 ಅಂತ ಎಣಿಸಿದರು. ಹೈಸ್ಕೂಲಿಗೆ ಮೇಲೆ ಹೇಳಿದ ಏಳೆಂಟು ಕ್ರಿಯಾಪದ ಗಟ್ಟಿಯಾದರೆ ಬೇಕಾದಷ್ಟಾಯ್ತು.

ಚಿಂತಾಮಣಿಯಿಂದ ಸೇರಿಕೆ:

ಸರ್ ಹೇಳಿದ ‘ನೋಡು’ ಒಪ್ಪಿದೆ, ಆದರೆ ಕಿಟಕಿಯ ಉದಾಹರಣೆಯಲ್ಲಿ ಸಣ್ಣ ಅಪಾಯವಿದೆ. ‘ಕಿಟಕಿ ತೆಗೆದು ನೋಡ್ದ’ ಅಂದರೆ ತೆಗೆದು ಹೊರಗೆ ಕಣ್ಣು ಹಾಯಿಸಿದ ಅಂತಲೂ ಆಗುತ್ತೆ. ಪಾತ್ರ ಕಿಟಕಿ ಹತ್ತಿರವೇ ನಿಂತಿದ್ದರಂತೂ ಮಕ್ಕಳು ಹಾಗೇ ತಿಳೀತಾರೆ. ಕಣ್ಣಿಗೆ ಕೆಲಸವಿಲ್ಲದ ಕ್ರಿಯೆ ಆರಿಸಿ: ‘ಬಿಸಿನೀರು ಕುಡಿದು ನೋಡ್ದ’, ‘ಫೋನ್ ಆಫ್ ಮಾಡಿ ನೋಡ್ದ’. ಬರೆಯುವಾಗಲೂ ಆಡುಮಾತೇ ಇರಲಿ. ‘ತೆರೆಯಲು ನೋಡಿದನು’ ಅಂತ ಗ್ರಾಂಥಿಕ ಮಾಡಿದರೆ ಅರ್ಥ ಸೊರಗುತ್ತೆ.

ಪಟ್ಟಿಗೆ ‘ಸಜೆಸ್ಟ್’ ಸೇರಿಸಿ ಮೇಡಂ. ‘ಸಜೆಸ್ಟೆಡ್ ಮಿ ಟು ಗೋ’ ಅನ್ನೋ ತಪ್ಪು ಹುಟ್ಟೋದು ‘ಹೋಗೋಕೆ ಸಲಹೆ ಕೊಟ್ಟ’ ಅನ್ನೋ ಅನುವಾದದಿಂದ. ‘ಹೋಗೋಣ ಅಂದ’ ಅಂತ ಬರೆದರೆ ‘ಸಜೆಸ್ಟೆಡ್ ಗೋಯಿಂಗ್’, ‘ಹೋದರೆ ಒಳ್ಳೇದು ಅಂದ’ ಅಂತ ಬರೆದರೆ ‘ಸಜೆಸ್ಟೆಡ್ ದಟ್ ಐ ಗೋ’. ‘ಹೋಗು ಅಂದ’ ಅನ್ನೋದು ‘ಟೋಲ್ಡ್ ಮಿ ಟು ಗೋ’, ಅದಕ್ಕೆ ‘ಸಜೆಸ್ಟ್’ ಬೇಕಾಗೇ ಇಲ್ಲ.